ಕಾಲ ಮಾಗಿಸಿದ ರುಚಿ

ಅಮೆರಿಕದ ಬರ್ಬನ್ ವಿಸ್ಕಿಯ ಮರ್ಮ ಬಲ್ಲವರು ಮೊದಲು ಅದರ ಬಣ್ಣವನ್ನು ನೋಡುವರು, ಬಳಿಕ ಕಂಪನ್ನು ಆಘ್ರಾಣಿಸುವರು, ಕಡೆಗೆ ಒಂದು ಗುಟುಕನ್ನು ನಾಲಿಗೆಯ ಮೇಲೆ ನಿಲ್ಲಿಸುವರು. ಮುಸುಕಿನ ಜೋಳದ ಈ ಮದ್ಯಕ್ಕೆ ಹೊಂಬಣ್ಣವನ್ನೂ ವೆನಿಲ್ಲಾದ ಪರಿಮಳವನ್ನೂ ಕೊಡುವುದು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿ. ಅಲ್ಲಿ ಅವಸರಕ್ಕೆ ಎಡೆಯಿಲ್ಲ; ಕಾಲವೇ ಬಾಣಸಿಗ.

2013ರಲ್ಲಿ ಕೆಂಟಕಿಯ ಹೆವನ್ ಹಿಲ್ ಸಂಸ್ಥೆ ಹತ್ತು ವರ್ಷ ಮಾಗಿದ ಬರ್ಬನ್ನನ್ನು ಮಿತವಾದ ಸಂಖ್ಯೆಯಲ್ಲಿ ಹೊರತಂದಿತು. ಸೀಸೆಯ ಮೇಲಿದ್ದುದು ಅಲ್ಲಿನ ಹಿರಿಯ ಭಟ್ಟಿತಜ್ಞ ಪಾರ್ಕರ್ ಬೀಮ್ ಅವರ ಹೆಸರು. ಎ.ಎಲ್.ಎಸ್. ಎಂಬ ನರರೋಗ ಅವರನ್ನು ಹಿಡಿದಿತ್ತು. ಪ್ರತಿ ಸೀಸೆಯಿಂದ 20 ಡಾಲರು ಆ ರೋಗದ ಸಂಶೋಧನೆಗೆ ಸಂದಿತು. 2017ರಲ್ಲಿ ಅವರು ತೀರಿಕೊಂಡರು.

ಕಂಪಿಗಿಷ್ಟು, ರುಚಿಗಿಷ್ಟು ಎಂದು ಅಂಕ ಕೊಡುವುದು ಸುಲಭ. ಇಂದು ತುಂಬಿದ ಪೀಪಾಯಿಯನ್ನು ಹತ್ತು ವರ್ಷದ ಮೇಲೆ ತೆರೆಯುವವರು ಯಾರೋ! ತುಂಬಿದವರ ಆ ನಂಬಿಕೆಯನ್ನೂ ಗುಟುಕಿನಲ್ಲಿ ಅರಿಯಬಲ್ಲವನೇ ರಸಜ್ಞ.