ಮಳೆ, ಕಡುಬು ಮತ್ತು ಮೂರನೇ ಟೇಕ್

ಕೊನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೊದಲ ಭಾನುವಾರ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ನಾಲ್ವರು ಸೇರಿದ್ವಿ. ಅದರಲ್ಲಿ ಹಾಡೋನು ಒಬ್ಬನೇ. ಕುವೆಂಪು ಅವರ ‘ಓ ನನ್ನ ಚೇತನ’ ರೆಕಾರ್ಡ್ ಮಾಡೋದು ಪ್ಲಾನ್. ಕುಪ್ಪಳಿ ಇರೋದು ನಮ್ಮ ತಾಲ್ಲೂಕಲ್ಲೇ, ಬೇರೆ ಹಾಡು ಆರಿಸಿದ್ರೆ ಅಜ್ಜಿ ಸುಮ್ನೆ ಬಿಡ್ತಿರಲಿಲ್ಲ!

ಸ್ಟುಡಿಯೋ ಅಂದ್ರೆ ಅಟ್ಟ. ಗೋಡೆಗೆ ಕಂಬಳಿ, ಪುಸ್ತಕದ ರಾಶಿ ಮೇಲೆ ಮೊಬೈಲ್, ಒಂದು ಗಿಟಾರ್, ತಬಲಾ ಬದಲು ಸ್ಟೀಲ್ ಡಬ್ಬಿ. ಮೊದಲ ಟೇಕ್ ನಗುವಿನಲ್ಲೇ ಹೋಯ್ತು. ಎರಡನೆಯದು ಚೆನ್ನಾಗಿ ಬರ್ತಿತ್ತು, ಅಷ್ಟರಲ್ಲಿ ಕೆಳಗಿಂದ ಅಜ್ಜಿ: “ಕಡುಬು ಆರ್ತದೆ, ಬನ್ರೋ!” ಹಲಸಿನ ಹಣ್ಣಿನ ಕಡುಬು, ಮೇಲೆ ತುಪ್ಪ. ಹಾಡು ಕಾಯುತ್ತೆ, ಕಡುಬು ಕಾಯಲ್ಲ.

ತಿಂದು ಮೇಲೆ ಬಂದ್ರೆ ಹೆಂಚಿನ ಮೇಲೆ ಧೋ ಅಂತ ಮಳೆ. ಮೂರನೇ ಟೇಕ್ ಅದರಲ್ಲೇ ಆಯ್ತು. ರಾತ್ರಿ ಲ್ಯಾಪ್‌ಟಾಪಲ್ಲಿ ನಾಯ್ಸ್ ತೆಗೆಯೋಕೆ ಕೂತೆ. ಮಳೆ ಸದ್ದು ಒಂದೇ ಫ್ರೀಕ್ವೆನ್ಸಿಯಲ್ಲಿ ಇರಲ್ಲ, ದನಿ ಇರೋ ಜಾಗದಲ್ಲೂ ಹರಡಿರುತ್ತೆ. ಅದನ್ನು ಕತ್ತರಿಸಿದಷ್ಟೂ ಗೆಳೆಯನ ದನಿ ರೋಬೋ ಥರ ಆಯ್ತು. ಮುಂದಿನ ತಿಂಗಳು ಅವನು ಕೆಲಸಕ್ಕೆ ಪುಣೆಗೆ ಹೊರಡ್ತಾನೆ. ಫಿಲ್ಟರ್ ತೆಗೆದುಹಾಕಿದೆ. ಮಳೆ ಇರಲಿ, ಅವನ ದನಿ ಅವನದ್ದೇ ಆಗಿರಲಿ.

ಮೂರನೇ ಟೇಕನ್ನು ಎಲ್ಲರಿಗೂ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವನ ಫೋನ್: “ಚೆನ್ನಾಗಿದೆ. ಆದ್ರೆ ಆ ಎರಡನೇ ಟೇಕ್ ಡಿಲೀಟ್ ಮಾಡಿಲ್ಲ ತಾನೇ? ಅಜ್ಜಿ ಕೂಗಿದ್ದು ಇದ್ಯಲ್ಲ, ಅದನ್ನೂ ಕಳ್ಸು ಮಾರಾಯ.”