ರಾಗಿ ಬಿಸ್ಕತ್ತಿನಲ್ಲಿ ರಾಗಿ

ನಮ್ಮ ಕಡೆಯ ಹೆಂಗಸರು ಸಂತೆಯಲ್ಲಿ ಸಾಮಾನು ಕೊಳ್ಳುವುದನ್ನು ನಿಂತು ನೋಡುವುದೇ ಒಂದು ವಿದ್ಯಾಭ್ಯಾಸ. ರಾಗಿಯ ಚೀಲದೊಳಕ್ಕೆ ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ಎತ್ತುತ್ತಾರೆ; ಮೇಲಿರುವ ರಾಗಿಯನ್ನು ಯಾರೂ ನಂಬುವುದಿಲ್ಲ. ಅಂಗೈಯಲ್ಲಿ ಹರಡಿ ಉಫ್ ಎಂದು ಊದಿ, ಎಷ್ಟು ಹೊಟ್ಟು ಹಾರಿತೆಂದು ನೋಡುತ್ತಾರೆ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಮಣ್ಣು ಹಲ್ಲಿಗೆ ಸಿಕ್ಕೀತೇ ಎಂದು ಪರೀಕ್ಷಿಸುತ್ತಾರೆ. ಬೆಲ್ಲವಾದರೆ ಅಚ್ಚಿನ ಮೂಲೆ ಮುರಿದು ನಾಲಗೆಯ ಮೇಲಿಟ್ಟುಕೊಳ್ಳುತ್ತಾರೆ. ಉಪ್ಪುಪ್ಪಾಗಿದ್ದರೆ ಮುಖ ಸಿಂಡರಿಸುತ್ತಾರೆ, ಬೆಳ್ಳಗೆ ಥಳಥಳಿಸುತ್ತಿದ್ದರೆ ಇನ್ನೂ ಹೆಚ್ಚು ಸಿಂಡರಿಸುತ್ತಾರೆ. ತುಪ್ಪವನ್ನು ಮುಂಗೈಗೆ ತಿಕ್ಕಿ ಮೂಸುತ್ತಾರೆ. ಅವರೆಕಾಯಿಯ ಕಾಲ ಬಂತೆಂದರೆ ಸರಿಯೇ ಸರಿ, ಸೊಗಡಿಲ್ಲದ ಕಾಯಿಯನ್ನು ಗುಡ್ಡೆಯಲ್ಲೇ ಬಿಟ್ಟು ಮುಂದಕ್ಕೆ ಹೋಗುತ್ತಾರೆ. 'ಸೊಗಡು' ಎಂಬ ಮಾತಿನ ಅರ್ಥವನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಅವರಿಗೆ ಅದು ಬೆರಳ ತುದಿಯಲ್ಲಿರುತ್ತದೆ. ಇಷ್ಟೆಲ್ಲ ಪರೀಕ್ಷೆ ಮಾಡಬಲ್ಲವರಿಗೆ ಯಾವ ವಿಶ್ವವಿದ್ಯಾನಿಲಯವೂ ಪದವಿ ಕೊಟ್ಟಿಲ್ಲ. ಪದವಿ ಪಡೆದ ನಾನು ಅವರ ಹಿಂದೆ ಚೀಲ ಹಿಡಿದು ನಿಲ್ಲುವವನು.

ಈ ವಿದ್ಯೆಯಲ್ಲಿ ನಮ್ಮ ಅಕ್ಕನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಸುತ್ತೂರಿಗೆ ಸೊಸೆಯಾಗಿ ಹೋಗಿ ಮೂವತ್ತು ವರ್ಷ ದಾಟಿದವಳು. ಕಪಿಲೆಯ ದಂಡೆಯ ಊರು, ನಾಲೆಯ ನೀರು, ಭಾವನ ಗದ್ದೆಯಲ್ಲಿ ಭತ್ತ. ಆದರೂ ರಾತ್ರಿ ಮುದ್ದೆಯಿಲ್ಲದೆ ಆ ಮನೆಯಲ್ಲಿ ಯಾರಿಗೂ ನಿದ್ದೆ ಬಾರದು. ಜಾತ್ರೆಯ ದಿನಗಳಲ್ಲಿ ಮಠದ ದಾಸೋಹದಲ್ಲಿ ಉಂಡು ಬಂದವಳು ಸಾರಿಗೆ ಬಿದ್ದ ಬೇಳೆ ಹೊಸದೋ ಹಳೆಯದೋ ಎಂದು ಜಗಲಿಯ ಮೇಲೆ ಕುಳಿತು ತೀರ್ಪು ಕೊಡುತ್ತಾಳೆ. ಲಕ್ಷಾಂತರ ಜನಕ್ಕೆ ಬೇಯಿಸಿದ ಅಡುಗೆಗೂ ಅವಳ ನಾಲಗೆಯಿಂದ ವಿನಾಯಿತಿ ಇಲ್ಲ.

ಅಂಥವಳಿಗೆ ಸಕ್ಕರೆ ಕಾಯಿಲೆ ಬಂತು. ವೈದ್ಯರು ಅನ್ನ ಕಡಿಮೆಮಾಡಿ ರಾಗಿ ತಿನ್ನಿರಿ ಎಂದರು. ಮಾತು ಒಳ್ಳೆಯದೇ, ಅಕ್ಕ ಅದನ್ನು ಅಕ್ಷರಶಃ ಪಾಲಿಸಿದಳು. ಮೂರು ತಿಂಗಳ ಮೇಲೆ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇಳಿಯುವುದಿರಲಿ, ಇನ್ನಷ್ಟು ಏರಿ ಕುಳಿತಿತ್ತು. ಏನೇನು ತಿನ್ನುತ್ತೀರಿ ಎಂದು ವೈದ್ಯರು ಕೇಳಿದರು. ಬೆಳಗ್ಗೆ ಕಾಫಿಯ ಜೊತೆಗೆ, ಸಂಜೆ ಕಾಫಿಯ ಜೊತೆಗೆ, ಮಧ್ಯೆ ಹಸಿವಾದಾಗ, ಎಲ್ಲಕ್ಕೂ ರಾಗಿಯೇ ಎಂದಳು ಅಕ್ಕ. ರಾಗಿ ಅಂದರೆ ಮುದ್ದೆಯೇ, ರೊಟ್ಟಿಯೇ? "ಅಲ್ಲ ಸ್ವಾಮಿ, ರಾಗಿ ಬಿಸ್ಕತ್ತು. ಮೈಸೂರಿಗೆ ಬಂದಾಗ ದೊಡ್ಡ ಅಂಗಡೀಲಿ ತಕ್ಕೊಂಡು ಹೋಯ್ತೀನಿ. ಎರಡು ಕೊಂಡರೆ ಇನ್ನೊಂದು ಬಿಟ್ಟಿ."

ಆ ಪೊಟ್ಟಣವನ್ನು ನಾನು ತರಿಸಿ ನೋಡಿದೆ. ಮುಖದ ಮೇಲೆ ತೆನೆ ತೂಗುವ ರಾಗಿಯ ಹೊಲ; ಅದರ ನಡುವೆ ನೆರಿಗೆ ಮುಖದ ಅಜ್ಜಿಯೊಬ್ಬಳ ನಗು. ಬೆನ್ನಿನ ಮೇಲೆ, ಎರಡು ಪದರ ಅಂಟು ಹಾಕಿದ ಮಡಿಕೆಯ ಒಳಗೆ, ಇರುವೆಗಳ ಸಾಲಿನಂಥ ಅಕ್ಷರಗಳು. ಯಾವುದು ಹೆಚ್ಚು ತೂಕವೋ ಅದನ್ನು ಮೊದಲು ಹೇಳಬೇಕು, ಕಡಿಮೆಯದನ್ನು ಕೊನೆಗೆ ಹೇಳಬೇಕು ಎಂಬುದು ನಮ್ಮ ದೇಶದ ಕಾಯಿದೆ. ಆದ್ದರಿಂದ ಆ ಸಾಲು ಒಂದು ರೀತಿಯಲ್ಲಿ ಪಂಕ್ತಿಯ ಮರ್ಯಾದೆಯನ್ನು ತೋರಿಸುತ್ತದೆ. ಮೊದಲ ಎಲೆ ಮೈದಾ ಹಿಟ್ಟಿಗೆ. ಎರಡನೆಯದು ಸಕ್ಕರೆಗೆ. ಮೂರನೆಯದು ತಾಳೆ ಎಣ್ಣೆಗೆ. ನಾಲ್ಕನೆಯ ಎಲೆಯಲ್ಲಿ, ಪಾಪ, ಬೀಗರ ಮನೆಯ ದೂರದ ನೆಂಟನಂತೆ ರಾಗಿ ಕುಳಿತಿತ್ತು: ನೂರಕ್ಕೆ ಒಂಬತ್ತು ಪಾಲು. ಹೆಸರಿನಲ್ಲಿ ಎತ್ತಿ ಹೇಳಿದ ಪದಾರ್ಥದ ಪಾಲೆಷ್ಟೆಂದು ಕಾಣಿಸಬೇಕೆಂಬ ನಿಯಮವಿರುವುದರಿಂದ ಅಷ್ಟಾದರೂ ತಿಳಿಯಿತು. ಅದರ ಕೆಳಗೆ ಬಣ್ಣ 150 ಡಿ. ಹುಡುಕಿ ನೋಡಿದರೆ ಅದು ಸಕ್ಕರೆಯನ್ನು ರಾಸಾಯನಿಕಗಳೊಡನೆ ಕಾಯಿಸಿ ತೆಗೆದ ಕಂದು ಬಣ್ಣ. ರಾಗಿಯಂತೆ ಕಾಣುವುದಕ್ಕೂ ಸಕ್ಕರೆಯೇ ಬೇಕಾಯಿತು!

ಗಮನಿಸಿ, ಇದರಲ್ಲಿ ಕಾನೂನಿನ ಕಣ್ಣಿಗೆ ಬೀಳುವ ಮೋಸ ಯಾವುದೂ ಇಲ್ಲ. ಕಲಬೆರಕೆಯಿಲ್ಲ, ವಿಷವಿಲ್ಲ, ಸುಳ್ಳೂ ಇಲ್ಲ. ಎಲ್ಲವನ್ನೂ ಬರೆದೇ ಇದ್ದಾರೆ. ರಾಗಿಯ ತಳದಿಂದ ಹಿಡಿ ಎತ್ತಿ ನೋಡುವ ನಮ್ಮ ಅಕ್ಕನಿಗೆ ಈ ಚೀಲದ ತಳ ಮಾತ್ರ ಕೈಗೆ ಸಿಕ್ಕಲಿಲ್ಲ. ಊದಲಾಗದು, ಕಚ್ಚಲಾಗದು, ಮೂಸಲಾಗದು. ನೋಡುವುದಕ್ಕಿರುವುದು ಅಜ್ಜಿಯ ನಗು ಒಂದೇ. ಬೆನ್ನಿನ ಅಕ್ಷರಗಳನ್ನು ಓದಬಹುದಿತ್ತು, ಆದರೆ ಅವು ಇಂಗ್ಲಿಷಿನಲ್ಲಿದ್ದವು. ಅಕ್ಕ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು.

ಅಗ್ಗದ ಮಾತಿಗೆ ಬರೋಣ. ಅಕ್ಕ ಅಗ್ಗವೆಂದೇ ತಂದಳು. ಹತ್ತು ರೂಪಾಯಿಗೆ ಐವತ್ತು ಗ್ರಾಂ. ಲೆಕ್ಕದಲ್ಲಿ ನಾನು ಎಂದೂ ಗಟ್ಟಿಯಲ್ಲ, ಆದರೂ ಕಿಲೋಗೆ ಇನ್ನೂರು ರೂಪಾಯಿ ಆಯಿತೆಂದು ಹೇಳಬಲ್ಲೆ. ಬಿಟ್ಟಿಯ ಮೂರನೆಯ ಪೊಟ್ಟಣವನ್ನು ಸೇರಿಸಿಕೊಂಡರೂ ನೂರಮೂವತ್ತಕ್ಕೆ ಮೇಲೆಯೇ. 2025-26ರಲ್ಲಿ ಕೇಂದ್ರ ಸರ್ಕಾರ ರಾಗಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ, ಎಂದರೆ ಕಿಲೋಗೆ ಐವತ್ತಕ್ಕೂ ಒಳಗೆ. ಬೆಳೆದವನಿಗೆ ಐವತ್ತು ಸಿಕ್ಕುವ ರಾಗಿ, ನೂರಕ್ಕೆ ಒಂಬತ್ತು ಪಾಲಾಗಿ ಮೈದಾ ಸಕ್ಕರೆಗಳ ಜೊತೆಗೆ ಸೇರಿಕೊಂಡು ಮರಳಿ ಊರಿಗೆ ಬರುವಾಗ ಇನ್ನೂರಾಗುತ್ತದೆ. ಅದಕ್ಕೆ ನಾವು ಅಗ್ಗವೆಂದು ಹೆಸರಿಡುತ್ತೇವೆ.

ಆದರೆ ಇಲ್ಲೊಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಅಗ್ಗ ಎಂಬುದಕ್ಕೆ ದುಡ್ಡಿನದಲ್ಲದ ಲೆಕ್ಕವೂ ಉಂಟು. ಅಕ್ಕನ ಸೊಸೆ ಬೆಳಗ್ಗೆ ಕತ್ತಲಿರುವಾಗಲೇ ಎದ್ದು ಬುತ್ತಿ ಕಟ್ಟಿ ಬಸ್ಸು ಹಿಡಿದು ಹೊಲಿಗೆಯ ಕಾರ್ಖಾನೆಗೆ ಹೋಗುವವಳು. ಮನೆಗೆ ಬರುವಾಗ ದೀಪ ಹತ್ತಿರುತ್ತದೆ. ಮಗು ಹಸಿವೆಂದು ಸೆರಗು ಹಿಡಿದಾಗ ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ ಕೊಡು ಎಂದು ಅವಳಿಗೆ ಉಪದೇಶ ಮಾಡುವವರು ತಾವೇ ಒಂದು ದಿನ ಬೀಸಿ ನೋಡಲಿ. ಹತ್ತು ರೂಪಾಯಿಯ ಪೊಟ್ಟಣ ಕೊಡುವುದು ತಿಂಡಿಯನ್ನಲ್ಲ, ಅರ್ಧ ಗಂಟೆ ಕಾಲ ಚಾಚುವುದನ್ನು. ಅದಕ್ಕೇ ಆ ಪೊಟ್ಟಣದ ಒಳಗೆ ಏನಿದೆ ಎಂಬುದು ಅನುಕೂಲವಂತರಿಗಿಂತ ಅವಳಿಗೆ ಹೆಚ್ಚು ಮುಖ್ಯ.

ಹಾಗೆಂದು ಸಂಸ್ಕರಿಸಿದ್ದೆಲ್ಲ ಕೆಟ್ಟದ್ದು ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಹಪ್ಪಳ, ಸಂಡಿಗೆ, ಅವಲಕ್ಕಿ, ಹುರಿಹಿಟ್ಟು, ಉಪ್ಪಿನಕಾಯಿ ಇವೆಲ್ಲ ಏನು? ಬೇಸಗೆಯ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಹರಡಿದ ಕಾರ್ಖಾನೆಯೇ ತಾನೆ? ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಆಹಾರ ಸಂಶೋಧನಾ ಸಂಸ್ಥೆ ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ಉಪಾಯ ಕಂಡುಹಿಡಿದದ್ದು ದೇಶಕ್ಕೆ ಮಾಡಿದ ಉಪಕಾರವಲ್ಲದೆ ಮತ್ತೇನು? ನನ್ನ ತಕರಾರು 'ಸಂಸ್ಕಾರ'ದ ಮೇಲಲ್ಲ. ಆದರೆ ನಮ್ಮ ಭಾಷೆಯಲ್ಲಿ ಸಂಸ್ಕಾರಗಳು ಹಲವು. ನಾಮಕರಣವೂ ಸಂಸ್ಕಾರವೇ, ಕೊನೆಯ ದಿನ ಹೊತ್ತುಕೊಂಡು ಹೋಗಿ ಮಾಡುವುದೂ ಸಂಸ್ಕಾರವೇ. ರಾಗಿಗೆ ಆ ಪೊಟ್ಟಣದಲ್ಲಿ ಆದದ್ದು ಯಾವುದು ಎಂಬುದಷ್ಟೇ ನನ್ನ ಪ್ರಶ್ನೆ.

ಸುತ್ತೂರಿನವರಿಗೆ ಈ ವಿಷಯ ಹೊಸದಾಗಿರಬಾರದಿತ್ತು. ತಾಲ್ಲೂಕು ಕೇಂದ್ರವಾದ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿಯೇ ನೆಸ್ಲೆಯ ಕಾರ್ಖಾನೆ ಇದೆ. 2015ರ ಜೂನ್ 5ರಂದು ಆಹಾರ ಸುರಕ್ಷತಾ ಪ್ರಾಧಿಕಾರ ಮ್ಯಾಗಿ ನೂಡಲ್ಸನ್ನು ಮಾರುಕಟ್ಟೆಯಿಂದ ಹಿಂತೆಗೆಯಬೇಕೆಂದು ಆಜ್ಞೆ ಮಾಡಿದಾಗ ದೇಶವೆಲ್ಲ ಗದ್ದಲ. ಸೀಸ ಹತ್ತು ಲಕ್ಷಕ್ಕೆ ಎರಡೂವರೆ ಭಾಗವನ್ನು ಮೀರಿದೆ ಎಂಬುದು ಒಂದು ಆರೋಪ, ರುಚಿವರ್ಧಕವಾದ ಮೊನೊಸೋಡಿಯಂ ಗ್ಲುಟಮೇಟನ್ನು ಸೇರಿಸಿಲ್ಲವೆಂದು ಪೊಟ್ಟಣದ ಮೇಲೆ ಹಾಕಿದ್ದು ತಪ್ಪು ಎಂಬುದು ಇನ್ನೊಂದು. ಸಾವಿರಾರು ಟನ್ನು ಪೊಟ್ಟಣಗಳನ್ನು ವಾಪಸು ತರಿಸಿ ಸಿಮೆಂಟ್ ಕಾರ್ಖಾನೆಗಳ ಕುಲುಮೆಗಳಲ್ಲಿ ಸುಟ್ಟರು. ಆಗಸ್ಟ್ 13ರಂದು ಮುಂಬಯಿ ಉಚ್ಚ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಮಾಡಿ, ಮೂರು ಪ್ರಯೋಗಾಲಯಗಳಲ್ಲಿ ಮತ್ತೆ ಪರೀಕ್ಷೆ ಮಾಡಿಸಿ ಎಂದಿತು, ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಅಕ್ಟೋಬರಿನಲ್ಲಿ ನಂಜನಗೂಡಿನ ಯಂತ್ರಗಳು ಪುನಃ ತಿರುಗಿದವು; ನವೆಂಬರಿನಲ್ಲಿ ಅಂಗಡಿಗಳಿಗೆ ಸರಕು ಬಂತು. ಜನ ಹಬ್ಬ ಮಾಡಿದರು. ಹಲವರ ಅನ್ನದ ಪ್ರಶ್ನೆಯೂ ಅದರಲ್ಲಿತ್ತು. ಸಂತೋಷಪಟ್ಟದ್ದು ತಪ್ಪೆಂದು ನಾನು ಹೇಳಲಾರೆ.

ಆದರೆ ಆ ಐದು ತಿಂಗಳು ಪತ್ರಿಕೆಗಳಲ್ಲಿ ನಡೆದ ಚರ್ಚೆಯನ್ನು ನೆನೆಸಿಕೊಳ್ಳಿ. ಸೀಸವಿದೆಯೇ, ಇಲ್ಲವೇ? ಇಲ್ಲವೆಂದು ತೀರ್ಮಾನವಾದೊಡನೆ ಮಾತು ಮುಗಿಯಿತು. ಮೈದಾ, ಎಣ್ಣೆ, ಉಪ್ಪು ಇವುಗಳ ಒಂದು ಬಟ್ಟಲು ಬೆಳೆಯುವ ಮಗುವಿಗೆ ಊಟವಾದೀತೇ ಎಂದು ಕೇಳಿದವರು ವಿರಳ. ಈ ಮಾತು ಒಂದು ಕಂಪನಿಯದಲ್ಲ, ಹತ್ತು ರೂಪಾಯಿಯ ಕಪಾಟಿನದು. ವಿಷವಲ್ಲ ಎಂಬುದು ಪೊಲೀಸರು ಕೊಡುವ ಯೋಗ್ಯತಾಪತ್ರ. ಹುಡುಗ ಕಳ್ಳನಲ್ಲ ಎಂದು ಅವರು ಬರೆದುಕೊಟ್ಟರೆ ಯಾರೂ ಅಷ್ಟಕ್ಕೇ ಹೆಣ್ಣು ಕೊಡುವುದಿಲ್ಲ. ನಮ್ಮ ಅಕ್ಕ ಸಂತೆಯಲ್ಲಿ ರಾಗಿಯನ್ನು ಕಚ್ಚಿ ನೋಡುವುದು ವಿಷವಿದೆಯೇ ಎಂದಲ್ಲ, ಚೆನ್ನಾಗಿದೆಯೇ ಎಂದು.

ಇನ್ನೂ ಒಂದು ಸಂಗತಿ. ಅಮೆರಿಕದಲ್ಲಿ 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಪ್ಪತ್ತು ಮಂದಿಯನ್ನು ಒಂದೆಡೆ ಇರಿಸಿ, ಎರಡು ವಾರ ಕಾರ್ಖಾನೆಯ ಆಹಾರವನ್ನೂ ಎರಡು ವಾರ ಸಾದಾ ಅಡುಗೆಯನ್ನೂ ಕೊಟ್ಟು ನೋಡಿದರು. ಎರಡು ಬಗೆಯ ಊಟದಲ್ಲಿಯೂ ಮುಂದಿಟ್ಟ ಸಕ್ಕರೆ, ಕೊಬ್ಬು, ನಾರಿನ ಪ್ರಮಾಣ ಹೆಚ್ಚುಕಡಿಮೆ ಒಂದೇ. ಬೇಕಾದಷ್ಟು ತಿನ್ನಲು ಸ್ವಾತಂತ್ರ್ಯ. ಕಾರ್ಖಾನೆಯ ಆಹಾರ ತಿಂದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು ಐನೂರು ಕ್ಯಾಲೊರಿ ಹೆಚ್ಚು ತಿಂದಿದ್ದರು. ಇದನ್ನು ಅಕ್ಕನಿಗೆ ಹೇಳಿದಾಗ ಅವಳು ಆಶ್ಚರ್ಯಪಡಲಿಲ್ಲ. "ಮುದ್ದೆ ಉಂಡರೆ ಹೊಟ್ಟೆ ಸಾಕು ಅಂತದೆ ಕಣಪ್ಪ. ಇದು ಬಾಯಿಗೆ ಬೇಕು ಬೇಕು ಅಂತಿರತದೆ, ಹೊಟ್ಟೇನ ಕೇಳೋದೇ ಇಲ್ಲ" ಎಂದಳು.

ಬಾಯಿಯ ವಿಷಯ ಬಂದದ್ದರಿಂದ ಹೇಳುತ್ತೇನೆ. ನಂಜನಗೂಡಿನ ರಸಬಾಳೆ ಎಂದರೆ ಭೌಗೋಳಿಕ ಸೂಚಿಯ ಗೌರವ ಪಡೆದ ಹಣ್ಣು. ಸೊರಗು ರೋಗಕ್ಕೆ ತುತ್ತಾಗಿ ಈಗ ಅಪರೂಪವಾಗಿದೆ. ಹೇಗೋ ದೊರೆತ ಒಂದು ಚಿಪ್ಪನ್ನು ಹಿಡಿದುಕೊಂಡು ಹೋಗಿ ಅಕ್ಕನ ಮೊಮ್ಮಗಳಿಗೆ ಕೊಟ್ಟೆ. ಅಂಗಡಿಯ ಬಾಳೆಹಣ್ಣಿನ ಸುವಾಸನೆಯ ಹಾಲು ಕುಡಿದು ಬೆಳೆಯುತ್ತಿರುವ ಆರು ವರ್ಷದ ಮಗು ಅದು. ಆ ಸುವಾಸನೆಗೆ ಕಾರಣವಾದ ದ್ರವ್ಯದ ಹೆಸರು ಐಸೋಅಮೈಲ್ ಅಸಿಟೇಟ್. ಹಣ್ಣಿನಲ್ಲಿಯೂ ಅದು ಇರುತ್ತದೆ, ಆದರೆ ನೂರಾರು ಸಂಗಾತಿಗಳ ನಡುವೆ. ಮಗು ಕಚ್ಚಿ, ಸ್ವಲ್ಪ ಹೊತ್ತು ಯೋಚಿಸಿ, "ತಾತ, ಇದು ಬಾಳೆಹಣ್ಣಿನ ಥರ ಇಲ್ಲ" ಎಂದಿತು. ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೇನಿದೆ?

ಕನ್ನಡದ ಮೇಷ್ಟರಾದ ನನಗೆ ಸಹಜವಾಗಿಯೇ ಅಕ್ಷರದ ಕಡೆ ಕಣ್ಣು. ಕೇಂದ್ರದ ನಿಯಮದ ಪ್ರಕಾರ ಪೊಟ್ಟಣದ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇರಬೇಕು. ಬೇರೆ ಭಾಷೆಯನ್ನು ಸೇರಿಸಬಹುದು, ಸೇರಿಸಲೇಬೇಕೆಂದಿಲ್ಲ. ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆ 2024ರ ಮಾರ್ಚಿನಲ್ಲಿ ಜಾರಿಗೆ ಬಂತು. ರಾಜ್ಯದಲ್ಲಿ ತಯಾರಾಗಿ ಇಲ್ಲಿಯೇ ಮಾರಾಟವಾಗುವ ಸರಕಿನ ಹೆಸರು ಮತ್ತು ಬಳಕೆಯ ಸೂಚನೆಗಳು ಕನ್ನಡದಲ್ಲಿಯೂ ಇರಬೇಕೆಂದು ಅದು ಹೇಳುತ್ತದೆ. ಸಂತೋಷ. ಆದರೆ ಹೆಸರು ಕನ್ನಡವಾದರೆ 'ರಾಗಿ ಬಿಸ್ಕತ್ತು' ಎಂದಾಗುತ್ತದೆ. ಅದು ಅಕ್ಕನಿಗೆ ಮೊದಲೇ ಗೊತ್ತಿತ್ತು. ಬಿಸ್ಕತ್ತನ್ನು ಬಳಸುವ ಸೂಚನೆಯೂ ಯಾರಿಗೂ ಬೇಕಾಗಿಲ್ಲ. ಅವಳಿಗೆ ಬೇಕಾದದ್ದು ಬೆನ್ನಿನ ಮೇಲಿನ ಆ ಇರುವೆಸಾಲು: ಮೈದಾ ಎಷ್ಟು, ಸಕ್ಕರೆ ಎಷ್ಟು, ರಾಗಿ ಎಷ್ಟು. ರಾಜ್ಯೋತ್ಸವದ ವೇದಿಕೆಗಳ ಮೇಲೆ ನಿಂತು ಹಳಗನ್ನಡದ ಸೊಬಗನ್ನು ಹೊಗಳುವ ನಮ್ಮಂಥವರು, ಆ ಆರು ಸಾಲಿನ ಹೊಸಗನ್ನಡಕ್ಕಾಗಿ ಒಂದು ಅರ್ಜಿಯನ್ನಾದರೂ ಬರೆಯಬಹುದೆಂದು ನನಗೆ ತೋರುತ್ತದೆ.

ಅರ್ಜಿಗೆ ಅಕ್ಕ ಕಾಯುವವಳಲ್ಲ. ಈಗ ಅಂಗಡಿಗೆ ಹೋಗುವಾಗ ಇಂಗ್ಲಿಷು ಶಾಲೆಯ ಎಂಟನೆಯ ತರಗತಿಯ ಮೊಮ್ಮಗನನ್ನು ಕರೆದುಕೊಂಡು ಹೋಗುತ್ತಾಳೆ. ಅವನು ಮಡಿಕೆ ಬಿಡಿಸಿ ಗಟ್ಟಿಯಾಗಿ ಓದುತ್ತಾನೆ, ಇವಳು ಸೊಂಟದ ಮೇಲೆ ಕೈಯಿಟ್ಟು ಕೇಳುತ್ತಾಳೆ, ಹಿಂದೆ ನಿಂತ ನಾಲ್ವರು ಹೆಂಗಸರೂ ಕೇಳುತ್ತಾರೆ, ಅಂಗಡಿಯವನು ಬೇಗ ಬೇಗ ಎನ್ನುತ್ತಾನೆ. ಬೆಳಗಿನ ಕಾಫಿಗೆ ಬಿಸ್ಕತ್ತು ನಿಂತಿದೆ. ಮುದ್ದೆಯ ತಟ್ಟೆ ಮಧ್ಯಾಹ್ನಕ್ಕೂ ಬಂದಿದೆ. ಮುಂದಿನ ರಕ್ತಪರೀಕ್ಷೆ ದೀಪಾವಳಿಯ ಮೇಲೆ.

ಹುಡುಗ ಓದುವನಾದರೂ ಅರ್ಥ ಹೇಳಲಾರ. ಆದ್ದರಿಂದ ಅಕ್ಕ ಅವನ ಕೈಯಲ್ಲಿ ಹದಿನೈದು ಪದಗಳನ್ನು ಬರೆಸಿ ನನಗೆ ಕಳಿಸಿದ್ದಾಳೆ, "ನೀನು ಎಂ.ಎ. ಓದಿದವನು, ಒಂದೊಂದಕ್ಕೂ ನನಗೆ ತಿಳಿಯೋ ಹಾಗೆ ಕನ್ನಡದಲ್ಲಿ ಬರೆದುಕೊಡು" ಎಂದು. ಒಂಬತ್ತು ಮುಗಿದಿವೆ. ಹತ್ತನೆಯದು ಮಾಲ್ಟೊಡೆಕ್ಸ್‌ಟ್ರಿನ್. ಪಿಷ್ಟದ ಪುಡಿ ಎಂದು ಬರೆದು ಹೊಡೆದುಹಾಕಿದ್ದೇನೆ. ಗಂಜಿಯ ಪುಡಿ ಎಂದು ಬರೆದರೆ ಅವಳು ಒಳ್ಳೆಯದೆಂದುಕೊಂಡಾಳು.