ಬ್ರೇಕಿನ ರಬ್ಬರು

ಕಳೆದ ಮಳೆಗಾಲದಲ್ಲಿ ನಮ್ಮ ಮೊಮ್ಮಗನು ನಂದಿಬೆಟ್ಟದಿಂದ ಸೈಕಲ್ಲಿನಲ್ಲಿ ಇಳಿಯುತ್ತಿದ್ದಾಗ, ಬ್ರೇಕು ಹಿಡಿದರೂ ಗಾಲಿಯು ನಿಲ್ಲದೆ, ತಿರುವಿನ ಕಟ್ಟೆಗೆ ತಾಗಿ ಕೈ ಮುರಿದುಕೊಂಡನು. ರಬ್ಬರು ಸವೆದುದನ್ನು ಕಂಡೂ “ಇನ್ನೊಂದು ತಿಂಗಳು ಬಂದೀತು” ಎಂದವರು ನಾವೇ.

ಹೊಸ ರಬ್ಬರನ್ನು ಕೊಳ್ಳುವಾಗ ಬೆಲೆಗಿಂತ ಮೊದಲು ರಿಮ್ಮನ್ನು ನೋಡಬೇಕೆಂದು ಆಮೇಲೆ ಕಲಿತೆವು. ಅಲ್ಯೂಮಿನಿಯಂ ರಿಮ್ಮಿಗೆ ಸಾಮಾನ್ಯ ರಬ್ಬರು ಸಲ್ಲುವುದು. ಕಾರ್ಬನ್ ರಿಮ್ಮಿಗೆ ಅದಕ್ಕೆಂದೇ ಮಾಡಿದುದು ಬೇಕು, ಇಲ್ಲವಾದರೆ ಇಳಿಜಾರಿನ ಕಾವಿಗೆ ರಿಮ್ಮೇ ಕೆಟ್ಟೀತು. ರಬ್ಬರಿನ ಅಡ್ಡಗೀರುಗಳು ಅಳಿಸಿಹೋದರೆ ಅದರ ಆಯುಸ್ಸು ತೀರಿತೆಂದೇ ತಿಳಿಯಬೇಕು. ಅದರಲ್ಲಿ ಸಿಕ್ಕಿದ ಲೋಹದ ಚೂರುಗಳನ್ನು ಸೂಜಿಯಿಂದ ತೆಗೆಯಬೇಕು.

ಓಡುವ ಸೊಗಸಿಗೆ ಸಾವಿರಾರು ರೂಪಾಯಿ ಸುರಿಯುವ ನಾವು, ನಿಲ್ಲಿಸುವ ಬೆರಳುದ್ದದ ರಬ್ಬರಿಗೆ ಜಿಪುಣರಾಗುವುದೇಕೆ? ಮೊನ್ನೆ ಹುಡುಗನು ಮತ್ತೆ ಬೆಟ್ಟಕ್ಕೆ ಹೊರಟನು. ಈ ಸಲ ಎರಡು ಬ್ರೇಕುಗಳನ್ನೂ ನಾವೇ ಒತ್ತಿ ನೋಡಿ ಕಳುಹಿಸಿಕೊಟ್ಟೆವು.